ಅವ್ವನ ಅಂಗೈಗಿಟ್ಟ ಗುಳಿಗೆ

ಕಮಲಾಪುರ
ಜೂನ್ 13

ಐಶ್ವರ್ಯಾ ತಾಯೀ,

ನಿನಗೆ ಅಪ್ಪನ ಆಶೀರ್ವಾದ. ನೀನು, ಅಳಿಯಂದಿರು ಆರಾಮ ಇದ್ದೀರೆಂದು ನಂಬಿದ್ದೇನೆ. ನಿನ್ನ ಕೆಮ್ಮು ಕಡಿಮೆಯಾಯಿತೇ? ಫೋನ್ ಇದ್ದೂ ಕಾಗದ ಯಾಕೆ ಎನ್ನಬೇಡ. ಫೋನ್ ಹಿಡಿದರೆ ನಿನ್ನವ್ವ ಪಕ್ಕಕ್ಕೇ ಬಂದು ಕೂರುತ್ತಾಳೆ; ಅವಳ ಮುಂದೆ ಎಲ್ಲವನ್ನೂ ಹೇಳಲಾಗದು. ನನಗೂ ಸಾಕಾಗಿದೆ, ತಾಯಿ.

ಮೊನ್ನೆ ಅವಳನ್ನು ತೋರಿಸಲು ಕಲಬುರಗಿಗೆ ಹೋಗಿದ್ದೆವು. ಆಪರೇಶನ್ ಆಗಿ ವರ್ಷವಾಯಿತು, ಎದೆಯ ಗಡ್ಡೆಯನ್ನು ತೆಗೆದೇಬಿಟ್ಟಿದ್ದಾರೆ, ಐದು ವರ್ಷ ದಿನಾ ಈ ಗುಳಿಗೆ ಯಾಕೆ ಎಂದು ಡಾಕ್ಟರ್ ಸನಾ ಅವರನ್ನು ಕೇಳಿದೆ. ಮೊದಲೇ ಕೇಳಬೇಕಿತ್ತು. ಆಕೆ ಬೇಸರಿಸಲಿಲ್ಲ. "ಕಾಕಾ, ಗಡ್ಡಿ ತೆಗದ್ರೂ ಕಣ್ಣಿಗಿ ಕಾಣ್ಲಾರದ ಕಣ ಎಲ್ಲೋ ಉಳದಿರಬಹುದು. ಇಂಥ ಕ್ಯಾನ್ಸರಿಗಿ ಹೆಣ್ಮಕ್ಕಳ ಮೈಯಾಗಿನ ಹಾರ್ಮೋನೇ ಊಟ. ಬಸ್ಸಿನ್ಯಾಗ ಟವೆಲ್ ಹಾಕಿ ಸೀಟ್ ಹಿಡೀತೀರಲ್ಲ, ಹಂಗ ಈ ಗುಳಿಗಿ ಕಣದ ಮ್ಯಾಲ ಹಾರ್ಮೋನ್ ಕೂಡೋ ಜಾಗಾ ಹಿಡೀತದ. ಹಾರ್ಮೋನ್ ಮೈಯಾಗೇ ಇರ್ತದ, ಕೂಡ್ಲಿಕ್ಕಿ ಜಾಗಾ ಸಿಗಂಗಿಲ್ಲ. ಟವೆಲ್ ತೆಗದ್ರಿ ಅಂದ್ರ ಬಂದು ಕೂಡ್ತದ" ಎಂದರು. ಮೈ ಕಾದು ಬೆವರುವುದೂ ಈ ಗುಳಿಗೆಯಿಂದಲೇ ಅಂತೆ. ಅದಕ್ಕೆ ಬೇರೆ ಉಪಾಯವಿದೆ, ನಾವಾಗಿ ನಿಲ್ಲಿಸಬಾರದು ಅಂತೆ.

ಗುಳಿಗೆ ಎಂದಾದರೂ ತಪ್ಪಿದೆಯೇ ಎಂದು ಕೇಳಿದರು. ನಿನ್ನವ್ವ ಸೆರಗು ಸರಿಮಾಡಿಕೊಂಡು, "ಒಂದಿನಾನೂ ತಪ್ಪಿಲ್ರಿ. ಲಿಂಗಪೂಜಾ ಮುಗಿಸಿ ಕೈ ಚಾಚ್ತೀನಿ, ಇವ್ರೇ ಅಂಗೈಯಾಗ ಇಡ್ತಾರ, ಪ್ರಸಾದ ಅಂತ ನುಂಗ್ತೀನಿ" ಎಂದಳು. ನಾನು ಫ್ಯಾನ್ ನೋಡುತ್ತ ಕೂತೆ. ಬರುವಾಗ ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಅವಳಿಗೆ ಸೀಟು ಹಿಡಿದೆ. ದಾರಿಯಲ್ಲಿ ಪಕ್ಕದ ಸೀಟು ಖಾಲಿಯಾದರೂ ಕಮಲಾಪುರದವರೆಗೆ ನಿಂತೇ ಬಂದೆ.

ಅಳಿಯಂದಿರಿಗೂ ಬೀಗರಿಗೂ ಶರಣು ತಿಳಿಸು. ಹೊತ್ತಿಗೆ ಸರಿಯಾಗಿ ಉಣ್ಣು, ಮೈ ನೋಡಿಕೋ.

ನಿನ್ನ ಅಪ್ಪ,
ಖಂಡೆಪ್ಪ

ತಾ.ಕ.: ಬಸವ ಜಯಂತಿಯಿಂದ ನಲವತ್ತು ದಿನ ನಾನು ಅವಳ ಅಂಗೈಗಿಟ್ಟದ್ದು ಆ ಗುಳಿಗೆಯಲ್ಲ, ಅಂಥದೇ ಬಿಳಿಯ ಶಕ್ತಿಗುಳಿಗೆ. ಈ ಬಿಸಿಲಿನಲ್ಲಿ ಅವಳು ಬೇಯುವುದನ್ನು ನೋಡಲಾಗದೆ, ಉಷ್ಣದ ಗುಳಿಗೆ ಮಳೆ ಬರುವ ತನಕ ಬೇಡ ಎಂದು ನಾನೇ ತೀರ್ಮಾನಿಸಿದೆ. ಅವಳಿಗೆ ಗೊತ್ತಿಲ್ಲ. "ಈಗ ಮೈ ಹಗುರ ಆಗ್ಯದ ನೋಡ್ರಿ" ಎಂದಾಗ ಖುಷಿಯೂ ಪಟ್ಟೆ. ಮೊನ್ನೆಯಿಂದ ಮತ್ತೆ ಸರಿಯಾದದ್ದನ್ನೇ ಕೊಡುತ್ತಿದ್ದೇನೆ. ಡಾಕ್ಟರಿಗೆ ಹೇಳಬೇಕು, ಅದಕ್ಕೂ ಮೊದಲು ಅವಳಿಗೆ ಹೇಳಬೇಕು. ಭಾನುವಾರ ಬಾ, ನಾನು ಹೇಳುವಾಗ ಅವಳ ಪಕ್ಕದಲ್ಲಿ ಕೂತಿರು. ಇವತ್ತೂ ಅವಳು ಕಣ್ಣು ಮುಚ್ಚಿಕೊಂಡೇ ಕೈ ಚಾಚಿದಳು.