ಗೊತ್ತಿದ್ದೂ ಹೇಳದ ಉತ್ತರ

ಗುರುವಾರ, ಹದಿನಾಲ್ಕು.

ಆ ಹೆಂಗಸಿನ ಹೊಟ್ಟೆಯನ್ನು ಮತ್ತೊಮ್ಮೆ ಕೊಯ್ಯಬೇಕಾಗಿದೆ. ಮನಸ್ಸು ಬೇರೆಲ್ಲಿಗೂ ಹೋಗುತ್ತಿಲ್ಲ.

ಶಸ್ತ್ರಚಿಕಿತ್ಸೆ ನಡೆಯುತ್ತಿರುವಾಗಲೇ ಗಡ್ಡೆಯ ಚೂರು ನಮ್ಮ ಪ್ರಯೋಗಾಲಯಕ್ಕೆ ಬರುತ್ತದೆ. ಅದನ್ನು ಹೆಪ್ಪುಗಟ್ಟಿಸಿ, ಸೂಕ್ಷ್ಮದರ್ಶಕದಲ್ಲಿ ನೋಡಿ, ಕ್ಯಾನ್ಸರ್ ಹೌದೋ ಅಲ್ಲವೋ ಎಂದು ಕೂಡಲೇ ಫೋನಿನಲ್ಲಿ ತಿಳಿಸಬೇಕು. ಇಂದು ಆ ಹೆಂಗಸಿನ ಚೂರು ಬಂದಾಗ ನಾನು ಸಭೆಯಲ್ಲಿದ್ದೆ. ನೋಡಿದವಳು ನನ್ನ ಕಿರಿಯ ವೈದ್ಯೆ, ನಾನು ಗುಬ್ಬಿ ಎಂದು ಕರೆಯುವವಳು. ಪಕ್ಕದ ತಂತ್ರಜ್ಞನಿಗೆ "ಇದು ಕ್ಯಾನ್ಸರೇ" ಎಂದಳಂತೆ. ಫೋನೆತ್ತಿದಾಗ ಮಾತ್ರ, "ಖಚಿತವಾಗಿ ಹೇಳೋಕಾಗ್ತಿಲ್ಲ ಸರ್." ಶಸ್ತ್ರವೈದ್ಯರು ಗಡ್ಡೆಯನ್ನಷ್ಟೇ ತೆಗೆದು ಹೊಲಿಗೆ ಹಾಕಿದರು. ಕ್ಯಾನ್ಸರ್ ಎಂದಿದ್ದರೆ ಸುತ್ತಲಿನ ಭಾಗವನ್ನೂ ಆಗಲೇ ತೆಗೆಯುತ್ತಿದ್ದರು.

"ಪರೀಕ್ಷೇಲಿ ಚಿನ್ನದ ಪದಕ, ಫೋನಲ್ಲಿ ಬಾಯಿಗೆ ಬೀಗ!" ಎಂದು ಸಂಜೆ ಶಸ್ತ್ರವೈದ್ಯರು ಎಲ್ಲರೆದುರು ಚುಚ್ಚಿದರು.

ಆಮೇಲೆ ಗುಬ್ಬಿ ನನ್ನ ಕೋಣೆಗೆ ಬಂದು ಅತ್ತಳು. "ಪದಕ ಏನೋ ಅದೃಷ್ಟಕ್ಕೆ ಬಂತು ಮೇಡಂ. ನಂಗೇನೂ ಬರಲ್ಲ. ಇವತ್ತಲ್ಲ ನಾಳೆ ಎಲ್ಲರಿಗೂ ಗೊತ್ತಾಗುತ್ತೆ."

"ಸ್ಲೈಡ್ ನಾನೂ ನೋಡಿದೆ ಮಗೂ. ನೀನು ನೋಡಿದ್ದು ಸರಿಯಾಗೇ ಇತ್ತು."

ಈ ಮಾತಿಗೆ ಅವಳ ಮುಖ ಇನ್ನಷ್ಟು ಕಪ್ಪಿಟ್ಟಿತು. ತಪ್ಪು ನೋಡಿದ್ದರೆ ತಿದ್ದಬಹುದಿತ್ತು. ಸರಿಯಾಗಿ ಕಂಡದ್ದನ್ನೂ ನಂಬದ ಕಣ್ಣಿಗೆ ಯಾವ ಪಾಠ ಹೇಳಲಿ? ಇಂಥ ಕಣ್ಣು ನನ್ನ ಶಿಷ್ಯರಲ್ಲಿ ಇನ್ನೊಬ್ಬರಿಗಿಲ್ಲ. ಅದನ್ನೂ ಹೇಳಿದೆ. ಅವಳು ನಂಬಲಿಲ್ಲ.

"ನಾಳೆ ಬೆಳಿಗ್ಗೆ ಇನ್ನೊಬ್ಬ ರೋಗಿಯ ಚೂರು ಬರುತ್ತೆ. ನಾನು ಪಕ್ಕದಲ್ಲೇ ಇರ್ತೀನಿ. ಫೋನ್ ಮಾತ್ರ ನೀನೇ ಎತ್ತಬೇಕು."

"ತಪ್ಪು ಹೇಳಿದ್ರೆ?"

"ಅಲ್ಲೇ ತಡೀತೀನಿ. ಮೊದಲು ಬಾಯಿ ಬಿಡು."

ಕಣ್ಣೊರೆಸಿಕೊಂಡು ಹೊರಟುಹೋದಳು. ನಾಳೆ ಬರುತ್ತಾಳೆಂಬ ಆಸೆಯೊಂದೇ ಉಳಿದಿದೆ. ಬಾ, ಗುಬ್ಬಿ. ಅತ್ತುಕೊಂಡಾದರೂ ಸರಿ, ಸೂಕ್ಷ್ಮದರ್ಶಕದ ಮುಂದಿನ ಆ ಕುರ್ಚಿಯಲ್ಲಿ ಕೂತು ಕೆಲಸ ಶುರು ಮಾಡು. ಉಳಿದದ್ದನ್ನು ನಾವಿಬ್ಬರೂ ಸೇರಿ ನೋಡಿಕೊಳ್ಳೋಣ.