ಪರಿಮಳಾ ಬಿಷಪ್ಪರು ಗೋರಿಗಳನ್ನು ಗುಡ್ಡಕ್ಕೆ ಸಾಗಿಸಿದ್ದು

ಹೊಳೆಹೊಸೂರು,
ಉರಿತಿಂಗಳ ಒಂಬತ್ತನೆಯ ದಿನ, ಕ್ರಿಸ್ತಶಕ ೨೧೮೭

ಪ್ರಿಯ ಹಿರಿಯರೇ,

ತಾರೀಖು ನೋಡಿ ಕಣ್ಣುಜ್ಜಿಕೊಳ್ಳಬೇಡಿ, ಅದು ಸರಿಯಾಗಿಯೇ ಇದೆ. ನಿಮ್ಮ ಕ್ಯಾಲೆಂಡರಿನಲ್ಲಿ ಉರಿತಿಂಗಳು ಇರಲಿಲ್ಲ. ಬೇಸಿಗೆ ಬೆಳೆಯುತ್ತಲೇ ಹೋದಾಗ ನಮ್ಮ ಮುತ್ತಜ್ಜಂದಿರು ಉಳಿದ ತಿಂಗಳುಗಳಿಂದ ಎರಡೆರಡು ದಿನ ಕಿತ್ತು ಮೇ ಮತ್ತು ಜೂನ್ ನಡುವೆ ಹದಿಮೂರನೆಯ ತಿಂಗಳೊಂದನ್ನು ಕೂಡಿಸಿದರು. ಆ ತಿಂಗಳಲ್ಲಿ ಶಾಲೆಯಿಲ್ಲ, ಕಚೇರಿಯಿಲ್ಲ. ಮನೆಯೊಳಗೆ ಕೂತು ಬಾಕಿ ಕಾಗದಗಳನ್ನು ಬರೆಯುವುದು ವಾಡಿಕೆ. ನಿಮ್ಮ ಕಾಲದ ಕನ್ನಡವನ್ನು ನಾನು ಹಳೆಯ ಪುಸ್ತಕಗಳಿಂದ ಕಲಿತವಳು. ಮಾತು ಅಲ್ಲಲ್ಲಿ ತೊಡರಿದರೆ ಕ್ಷಮಿಸಿ.

ನನ್ನ ಹೆಸರು ಅನುಗ್ರಹ ಕೋಟೂರ. ಹದಿನೇಳು ವರ್ಷ ನಮ್ಮ ಸಭಾಪ್ರಾಂತದ ಬಿಷಪ್ಪರ ದಂಡಗಾರ್ತಿಯಾಗಿದ್ದೆ. ಅಂದರೆ ಅವರ ಕೋಲು ಹಿಡಿದು ಮೆರವಣಿಗೆಯಲ್ಲಿ ಮುಂದೆ ನಡೆಯುವವಳು, ಉಳಿದ ದಿನ ಅವರ ಪತ್ರ, ಪ್ರಯಾಣ, ಊಟ ನೋಡಿಕೊಳ್ಳುವವಳು. ಆ ಬಿಷಪ್ಪರು ಪರಿಮಳಾ ದೊರ್ಕಾ ಹಂಚಿನಾಳ. ಬೇರೆ ನಾಡುಗಳಲ್ಲಿ ನಿಮ್ಮ ಕಾಲಕ್ಕಾಗಲೇ ಹೆಣ್ಣುಮಕ್ಕಳು ಬಿಷಪ್ಪರಾಗಿದ್ದರು. ಮಲಪ್ರಭೆಯ ಈ ದಂಡೆಗೆ ಅದು ಬಂದು ಮುಟ್ಟಲು ಅವರೇ ಹುಟ್ಟಬೇಕಾಯಿತು.

ಅವರು ಮೊದಲು ಪಂಪು ರಿಪೇರಿಯವರು. ಕೈಯಲ್ಲಿ ಸ್ಪ್ಯಾನರು, ಮೈಮೇಲೆ ತಂಪಂಗಿ. ತಂಪಂಗಿ ಎಂದರೆ ಒಳಪದರದಲ್ಲಿ ನೀರು ಹರಿಯುವ ಅಂಗಿ. ಅದಿಲ್ಲದೆ ನಮ್ಮ ಮಧ್ಯಾಹ್ನಗಳಲ್ಲಿ ಯಾರೂ ಹೊರಬೀಳುವುದಿಲ್ಲ. ಇಪ್ಪತ್ತೇಳನೆಯ ವಯಸ್ಸಿನಲ್ಲಿ ದೈವಶಾಸ್ತ್ರ ಓದಲು ಹೋದರು, ಮೂವತ್ತೆರಡಕ್ಕೆ ಸಭಾಪಾಲಕಿಯಾಗಿ ಮುದೇನಕೊಪ್ಪ ಎಂಬ ಸಣ್ಣ ಊರಿಗೆ ಬಂದರು. ಅಲ್ಲಿ ಆರಾಧನೆ ಹೊತ್ತು ಹುಟ್ಟುವ ಮೊದಲೇ ಮುಗಿಯುತ್ತದೆ. ಗೋಧಿ ಬೆಳೆಯದ ಕಾರಣ ಪ್ರಭುಭೋಜನಕ್ಕೆ ಸಜ್ಜೆ ರೊಟ್ಟಿ. ಜನ ಅವರ ಪ್ರಸಂಗ ಕೇಳಿದರು, ರೊಟ್ಟಿಯನ್ನೂ ತೆಗೆದುಕೊಂಡರು. ಆದರೆ ದೀಕ್ಷಾಸ್ನಾನಕ್ಕೆ ಮಾತ್ರ ಮಕ್ಕಳನ್ನು ಪಕ್ಕದೂರಿನ ಪಾದ್ರಿ ಅಯ್ಯನವರ ಹತ್ತಿರ ಒಯ್ದರು. ಒಂದು ದಿನ ಕೂಸನ್ನು ಕಟ್ಟಿಕೊಂಡು ಬಂಡಿ ಹತ್ತುತ್ತಿದ್ದ ಮುದುಕಿಯೊಬ್ಬಳನ್ನು ಪರಿಮಳಾ ಅವರು ತಡೆದರು.

"ಆಯೀ, ನಾ ರಿಪೇರಿ ಮಾಡಿದ ಪಂಪಿನ ನೀರು ದಿನಾ ಕುಡಿತೀರಿ. ಅದ ನೀರು ಇದರ ತಲಿಗೆ ಹಾಕಿದ್ರ ಏನ್ರೀ ಆಕ್ಕೈತಿ?"

ಮುದುಕಿ ಬಾಯಿಗೆ ಸೆರಗು ಹಿಡಿದು ನಕ್ಕು, ಬಂಡಿಯಿಂದ ಇಳಿದಳಂತೆ. ಈ ಕತೆಯನ್ನು ಹೇಳುವಾಗ ಬಿಷಪ್ಪರು ಇಂದಿಗೂ ಆ ಕೂಸಿನ ಹೆಸರು ಹಿಡಿದು ಹೇಳುತ್ತಾರೆ.

ಐವತ್ತೊಂದನೆಯ ವಯಸ್ಸಿನಲ್ಲಿ ಅವರನ್ನು ಬಿಷಪ್ಪರನ್ನಾಗಿ ಆರಿಸಿದರು. ತಂದೆ ಜಯವಂತಪ್ಪ ಹಂಚಿನಾಳ ಹೊಳೆಹೊಸೂರು ಸಭೆಯ ಹಿರಿಯರು, ಮಿತಭಾಷಿ, ಶಿಸ್ತಿನ ಮನುಷ್ಯ. ಮಗಳ ಕೈಗೆ ಕೋಲು ಕೊಟ್ಟಾಗ ಮುಂದಿನ ಬೆಂಚಿನಲ್ಲಿ ಕೂತು ಎಲ್ಲರೆದುರು ಅತ್ತರು.

ಮೂರನೆಯ ವರ್ಷಕ್ಕೆ ಮೇಲ್ಕಟ್ಟೆ ಬಂತು. ಹಳೆಯ ಅಣೆಕಟ್ಟಿನ ತಲೆಯ ಮೇಲೆ ಕಟ್ಟುವ ಎರಡನೆಯ ಗೋಡೆಗೆ ನಾವು ಹಾಗೆನ್ನುತ್ತೇವೆ. ಆರು ತಿಂಗಳಲ್ಲಿ ನೀರು ನಮ್ಮ ಸಮಾಧಿಭೂಮಿಯ ಮೇಲೆ ನಿಲ್ಲುವುದಿತ್ತು. ನಾನೂರಕ್ಕೂ ಹೆಚ್ಚು ಗೋರಿಗಳನ್ನು ನವಿಲಗುಡ್ಡಕ್ಕೆ ಸಾಗಿಸಬೇಕಾಯಿತು. ಆ ಭೂಮಿಯನ್ನು ನಡುವೆ ಒಂದು ಗೋಡೆ ಎರಡು ತೋಟಗಳಾಗಿ ಸೀಳಿತ್ತು. ಮೇಲಿನ ತೋಟದಲ್ಲಿ ಜಯವಂತಪ್ಪನವರಂಥ ಮನೆತನಗಳು, ಕೆಳಗಿನ ತೋಟದಲ್ಲಿ ಚರ್ಮ ಹದಮಾಡುವವರು, ಬೀದಿ ಗುಡಿಸುವವರು. ಒಂದೇ ರೊಟ್ಟಿ ಮುರಿದು ತಿಂದವರು ಸತ್ತ ಮೇಲೆ ಬೇರೆಯಾಗುತ್ತಿದ್ದರು. ಇಂಥ ಗೋಡೆ ಎಂಥದೆಂದು ನಿಮಗೆ ವಿವರಿಸಬೇಕಾಗಿಲ್ಲ.

ಹೊಸ ಜಾಗದ ನಕ್ಷೆಯನ್ನು ಜಯವಂತಪ್ಪನವರೇ ತಂದು ಮೇಜಿನ ಮೇಲೆ ಹರಡಿದರು. ಅದರಲ್ಲೂ ನಡುವೆ ಗೆರೆಯಿತ್ತು.

"ಬಿಷಪ್ಪರೇ, ಗ್ವಾಡಿ ದ್ವೇಷಕ್ಕಲ್ಲ. ಗುರುತಿಗೆ."

"ಗ್ವಾಡಿ ಇರೂದಿಲ್ಲಪ್ಪಾ. ಸತ್ತ ತಾರೀಖಿನ ಪ್ರಕಾರ ಒಂದ ಸಾಲು. ಮೊದಲು ಹೋದವರು ಮೊದಲು."

ಜಯವಂತಪ್ಪನವರ ಬೆರಳು ನಕ್ಷೆಯ ಮೇಲೆ ನಿಂತಿತು. "ನಿಮ್ಮವ್ವನ ಬಾಜೂಕ ಯಾರು ಬರತಾರ?"

ಬಿಷಪ್ಪರು ಆಗಲೇ ನೋಡಿಟ್ಟಿದ್ದರು. "ಮಾರ್ಥವ್ವ. ಅವ್ವನಕಿಂತ ಎರಡು ದಿನ ಮೊದಲು ತೀರಿಕೊಂಡಾಕಿ."

ಮಾರ್ಥವ್ವ ಬೀದಿ ಗುಡಿಸುತ್ತಿದ್ದವಳು. ಜಯವಂತಪ್ಪನವರು ನಕ್ಷೆ ಸುತ್ತಿಕೊಂಡು, ಮಗಳಿಗೆ ಕೈಮುಗಿದು ಹೊರಟುಹೋದರು. ಬೈದಿದ್ದರೆ ಚೆನ್ನಾಗಿತ್ತು ಎಂದು ಬಿಷಪ್ಪರು ಆಮೇಲೆ ನನಗೆ ಹೇಳಿದರು.

ಬಿಷಪ್ಪರಿಂದ ಕೋಲು ಹಿಂತೆಗೆದುಕೊಳ್ಳಬೇಕೆಂದು ಎಲ್ಲ ಸಭಾಪ್ರಾಂತಗಳ ಮೇಲಿನ ಮಹಾಸಭೆಗೆ ದೂರು ಹೋಯಿತು. ಮೊದಲ ಸಹಿ ಜಯವಂತಪ್ಪನವರದು. ಅರವತ್ತು ಮನೆಗಳವರು ಚರ್ಚಿಗೆ ಬರುವುದನ್ನು ಬಿಟ್ಟರು. ವಿಚಾರಣೆ ಮುಗಿಯುವವರೆಗೆ ಕೆಲಸ ಮುಂದೂಡಿ ಎಂದು ಮಹಾಸಭೆ ಬರೆಯಿತು. "ನಾನು ಮುಂದೂಡಬಹುದು, ನೀರು ಮುಂದೂಡುವುದಿಲ್ಲ" ಎಂಬ ಒಂದೇ ಸಾಲಿನ ಉತ್ತರವನ್ನು ನನ್ನ ಕೈಯಲ್ಲೇ ಬರೆಸಿದರು. ಬರೆಸಿದ ಮೇಲೆ ಕೋಲನ್ನು ತೊಡೆಯ ಮೇಲಿಟ್ಟುಕೊಂಡು, "ತಪ್ಪಾಗಿದ್ರ ಅದು ನನ್ನ ಒಬ್ಬಾಕೀ ತಪ್ಪು ಅಂತ ಬರಿ, ಅನುಗ್ರಹಾ" ಎಂದರು. ನಾನು ಬರೆಯಲಿಲ್ಲ. ತಪ್ಪಾಗಿರಲಿಲ್ಲ.

ಮರುವಾರ ಬಿಷಪ್ಪರು ಹಳೆಯ ತಂಪಂಗಿ ತೊಟ್ಟು, ಸನಿಕೆ ಹಿಡಿದು ಗೋರಿಯೊಳಗೆ ಇಳಿದರು. ತಾರೀಖಿನ ಪ್ರಕಾರ ಒಂದು ಗೋರಿ ಮೇಲಿನ ತೋಟದ್ದು ಬರುತ್ತಿತ್ತು, ಮುಂದಿನದು ಕೆಳಗಿನದು. ಕೆಲಸಕ್ಕೆ ಬಂದವರು ಮಾತ್ರ ಕೆಳಗಿನ ತೋಟದವರಷ್ಟೇ. ಹನ್ನೊಂದು ದಿನ ಅವರು ತಮ್ಮವರನ್ನೂ ಹೊತ್ತರು, ಗೋಡೆ ಕಟ್ಟಿದವರನ್ನೂ ಹೊತ್ತರು.

ಹನ್ನೆರಡನೆಯ ದಿನ ಬೆಳಗಿನ ಜಾವ ಜಯವಂತಪ್ಪನವರು ಕೋಲೂರಿಕೊಂಡು ಬಂದರು. ಆಗ ಅವರಿಗೆ ಎಂಬತ್ನಾಲ್ಕು. ಹೆಂಡತಿಯ ಪಾಳಿ ಅಂದೇ ಎಂದು ಅವರಿಗೆ ಗೊತ್ತಿತ್ತು. ಆದರೆ ಅದಕ್ಕೆ ಮೊದಲು ಮಾರ್ಥವ್ವನ ಪಾಳಿ. ಎಲುಬು, ಗೋರಿಯ ಮಣ್ಣು ಎರಡನ್ನೂ ತುಂಬಿದ ಪೆಟ್ಟಿಗೆ ಭಾರವಿರುತ್ತದೆ. ನಾಲ್ಕು ಜನ ಬೇಕು. ಉಳಿದವರೆಲ್ಲ ಹಿಂದಿನ ಪೆಟ್ಟಿಗೆಯೊಂದಿಗೆ ಗುಡ್ಡ ಹತ್ತಿದ್ದರು. ನಾವು ಮೂವರೇ ಇದ್ದೆವು: ಬಿಷಪ್ಪರು, ನಾನು, ಮಾರ್ಥವ್ವನ ಮೊಮ್ಮಗಳು ಕಮಲಿ.

ಜಯವಂತಪ್ಪನವರು ಪೆಟ್ಟಿಗೆ ನೋಡಿದರು, ನಮ್ಮನ್ನು ನೋಡಿದರು.

"ಆ ಮೂಲಿ ಯಾರು ಹಿಡಿತಾರ?"

ಮುದುಕರು ಕೋಲನ್ನು ಹುಲ್ಲಿನ ಮೇಲೆ ಇಟ್ಟು, ಬಗ್ಗಿ, ನಾಲ್ಕನೆಯ ಮೂಲೆಗೆ ಹೆಗಲು ಕೊಟ್ಟರು.

"ಸಾವಕಾಶ, ಯಜಮಾನ್ರ" ಎಂದಳು ಕಮಲಿ.

"ನಡಿಯವ್ವಾ. ಬಿಸಲೇರತೈತಿ."

ಗುಡ್ಡದವರೆಗೆ ಆರು ಸಲ ನಿಂತೆವು. ನಡುವೆ ಜಯವಂತಪ್ಪನವರಿಗೆ ನೀರು ಕುಡಿಸಿದವಳು ಕಮಲಿ. ಇಳಿಯುವಷ್ಟರಲ್ಲಿ ಸುದ್ದಿ ಊರು ಮುಟ್ಟಿತ್ತು; ಮೇಲಿನ ತೋಟದವರು ಒಬ್ಬೊಬ್ಬರಾಗಿ ಸನಿಕೆ ಹಿಡಿದು ಬರತೊಡಗಿದ್ದರು. ದೂರನ್ನು ಹಿಂಪಡೆಯುವ ಪತ್ರದಲ್ಲೂ ಮೊದಲ ಸಹಿ ಜಯವಂತಪ್ಪನವರದೇ. ಪರಿಮಳಾ ಬಿಷಪ್ಪರು ಮುಂದೆ ಹದಿನಾಲ್ಕು ವರ್ಷ ಸೇವೆ ಮಾಡಿ, ಹನ್ನೊಂದು ಹೆಣ್ಣುಮಕ್ಕಳಿಗೆ ಸಭಾಪಾಲಕಿಯರ ದೀಕ್ಷೆ ಕೊಟ್ಟು, ನಿವೃತ್ತರಾದರು. ಗೋಡೆ ಈಗ ನೀರಿನ ತಳದಲ್ಲಿದೆ, ಮೀನುಗಳಿಗೆ.

ಇನ್ನೊಂದು ಮಾತಿಗಾಗಿ ಈ ಪತ್ರ ಬರೆದೆ. ಪ್ರತಿಯೊಬ್ಬರನ್ನು ಮಣ್ಣಿಗಿಳಿಸುವಾಗ ಬಿಷಪ್ಪರು ಹೆಸರನ್ನು ಗಟ್ಟಿಯಾಗಿ ಓದುತ್ತಿದ್ದರು. ಕೆಳಗಿನ ತೋಟದಲ್ಲಿ ಕಲ್ಲುಗಳಿರಲಿಲ್ಲ, ಆದರೆ ಹೆಸರು, ಸತ್ತ ದಿನ ಎರಡನ್ನೂ ಬಲ್ಲ ಜನರಿದ್ದರು. ಮೇಲಿನ ತೋಟದಲ್ಲಿ ಒಳ್ಳೆಯ ಕಲ್ಲುಗಳಿದ್ದವು; ನಲವತ್ತಕ್ಕೂ ಹೆಚ್ಚು ಕಲ್ಲುಗಳ ಮೇಲೆ "ಇಂಥವರ ಧರ್ಮಪತ್ನಿ" ಎಂದಷ್ಟೇ ಇತ್ತು. ತಮ್ಮ ತಾಯಿಯ ಕಲ್ಲಿನ ಮುಂದೆಯೂ ಬಿಷಪ್ಪರು ಓದುವುದನ್ನು ನಿಲ್ಲಿಸಿ ತಂದೆಯತ್ತ ತಿರುಗಿದರು. ಮದುವೆಯಾದಂದಿನಿಂದ ಆ ಹೆಸರನ್ನು ಬಾಯಿಬಿಟ್ಟು ಕರೆಯದ ಮನುಷ್ಯ ಅವರು.

"ಕರುಣಾವತಿ" ಎಂದರು. ಮತ್ತೆ, ಎಲ್ಲರಿಗೂ ಕೇಳುವಂತೆ, "ಕರುಣಾವತಿ ಅಂತ."

ಆ ನಲವತ್ತರಲ್ಲಿ ಉಳಿದವರ ಹೆಸರು ಹೇಳಲು ಯಾರೂ ಬದುಕಿರಲಿಲ್ಲ. ಅವರಿಗಾಗಿ ಬಿಷಪ್ಪರು ಒಂದು ಉಸಿರಿನಷ್ಟು ಹೊತ್ತು ಸುಮ್ಮನೆ ನಿಂತರು.

ಹಿರಿಯರೇ, ಇದನ್ನು ಓದುತ್ತಿರುವ ನಿಮ್ಮಲ್ಲಿ ಕೆಲವರು ಈಗ ನಮ್ಮ ಗುಡ್ಡದಲ್ಲಿ ಮಲಗಿದ್ದೀರಿ. ನಿಮ್ಮನ್ನು ಜೋಪಾನವಾಗಿಯೇ ಹೊತ್ತಿದ್ದೇವೆ. ನಮಗೊಂದು ಉಪಕಾರ ಮಾಡಿ. ನಿಮ್ಮ ಮನೆಯ ಹೆಣ್ಣುಮಕ್ಕಳಿಗೆ ಕಲ್ಲು ಹಾಕಿಸುವಾಗ ಹೆಂಡತಿ, ತಾಯಿ, ಸೊಸೆ ಎಂದೆಲ್ಲ ಬರೆಸಿ, ಬೇಡವೆನ್ನುವುದಿಲ್ಲ. ಮೊದಲ ಸಾಲಿನಲ್ಲಿ ಅವಳ ಹೆಸರಿರಲಿ. ನೂರೈವತ್ತು ಮಳೆಗಾಲ ತಾಳುವಷ್ಟು ಆಳವಾಗಿ ಕೆತ್ತಿಸಿ. ಓದುವ ಕೆಲಸ ನಮಗೆ ಬಿಡಿ.

ನಿಮ್ಮವಳೇ ಆದ,
ಅನುಗ್ರಹ