ಕಾರಹುಣ್ಣಿಮೆಯ ತೋರಣಕ್ಕೆ ಒಂದೂವರೆ ತಿಂಗಳ ಸಜೆ

ನಮ್ಮ ತಾಲೂಕಿನ ಮ್ಯಾಜಿಸ್ಟ್ರೇಟ ಸಾಹೇಬರಿಗೆ,

ಮಾನ್ಯರೇ,

ಎಲೆಯ ತೋರಣವೊಂದು ಹರಿದದ್ದಕ್ಕೆ ತಾವು ನಮ್ಮೂರ ರೈತ ಉದ್ದಪ್ಪನಿಗೆ ಒಂದೂವರೆ ತಿಂಗಳ ಕಠಿಣ ಸಜೆ ಕೊಟ್ಟಿರಿ. ಅವನ ಜೋಡೆತ್ತುಗಳನ್ನು ಖಟ್ಲೆಯ ಸಾಕ್ಷಿಗೆ ಬೇಕಾದ ಮುದ್ದೇಮಾಲೆಂದು ಸರಕಾರಿ ದನದ ದೊಡ್ಡಿ ಕೊಂಡವಾಡೆಯಲ್ಲಿ ಕಟ್ಟಿಸಿದಿರಿ. ಮೃಗಶಿರ ಮಳೆ ಬಿದ್ದು ಊರೆಲ್ಲ ಬಿತ್ತುತ್ತಿರುವಾಗ ಅವನ ಹೊಲವೊಂದೇ ಹಾಗೇ ಬಿದ್ದಿದೆ. ಈ ಶಿಕ್ಷೆಯನ್ನು ತಾವು ಯಾವ ಕೋಲು ಹಿಡಿದು ಅಳೆದಿರಿ? ಎರಡು ಅರ್ಜಿ ಬರೆದು ಕೇಳಿದೆ, ಉತ್ತರವಿಲ್ಲ. ಆದ್ದರಿಂದ ಪತ್ರಿಕೆಯಲ್ಲಿ ಕೇಳುತ್ತಿದ್ದೇನೆ.

ತಾವು ಪಟ್ಟಣದಲ್ಲಿ ಬೆಳೆದವರು, ಕಾರಹುಣ್ಣಿಮೆ ಗೊತ್ತಿರಲಿಕ್ಕಿಲ್ಲ. ಗೊತ್ತಿಲ್ಲದಿರುವುದು ಅಪರಾಧವಲ್ಲ, ಕೇಳಿ ತಿಳಿಯದೆ ತೀರ್ಪು ಬರೆಯುವುದು ಏನೆಂದು ತಾವೇ ಹೇಳಬೇಕು. ಆ ದಿನ ನಾವು ಎತ್ತುಗಳ ಮೈ ತೊಳೆದು, ಕೋಡಿಗೆ ಬಣ್ಣ ಹಚ್ಚಿ, ಸಂಜೆಗೆ ಊರ ಹೆಬ್ಬಾಗಿಲಾದ ಅಗಸಿಯತ್ತ ಓಡಿಸುತ್ತೇವೆ. ಅಗಸಿಗೆ ಅಡ್ಡಲಾಗಿ ಎಲೆ ಹೆಣೆದ ಹಗ್ಗ ಕಟ್ಟಿರುತ್ತದೆ. ಅದೇ ಕರಿ. ಮೊದಲು ಬಂದ ಎತ್ತು ಅದನ್ನು ಹರಿಯಬೇಕು. ಬಿಳಿ ಎತ್ತು ಹರಿದರೆ ಆ ವರ್ಷ ಬಿಳಿ ಜೋಳ, ಕೆಂದೆತ್ತು ಹರಿದರೆ ಕೆಂಪು ಕಾಳು ಚೆನ್ನಾಗಿ ಬರುತ್ತದೆಂದು ನಂಬಿಕೆ. ಹರಿದ ಕೂಡಲೇ ಊರಿಗೆ ಊರೇ ಕೇಕೆ ಹಾಕುತ್ತದೆ.

ಈ ಸಲ ಅದೇ ದಿನ ನಮ್ಮ ಹೊಸ ಶಾಲೆಯ ಕಟ್ಟಡ ತೆರೆಯಲು ಪ್ರಾಂತ ಸಾಹೇಬರು ಬರುವವರಿದ್ದರು. ಸ್ವಾಗತಕ್ಕೆ ತೋರಣ ಕಟ್ಟಬೇಕೆಂದು ಕಚೇರಿಯಿಂದ ಹುಕುಮು ಬಂತು. ಕಟ್ಟಿದವನು ನಾನು, ಆ ಶಾಲೆಯ ಮಾಸ್ತರ. ಅಗಸಿಯ ಎರಡೂ ಬದಿಗೆ ಗಳ ನೆಟ್ಟು ಮಾವಿನೆಲೆ, ಬೇವಿನೆಲೆ ಹೆಣೆದ ಹಗ್ಗ ಬಿಗಿದೆ. ದಿನ ಯಾವುದೆಂದು ತಲೆಗೆ ಬರಲೇ ಇಲ್ಲ. ಪ್ರತಿ ವರ್ಷ ಕರಿ ಕಟ್ಟುವ ದುಂಡಪ್ಪ ತನ್ನ ಹಗ್ಗ ಹಿಡಿದು ಬಂದವನು ಮೇಲೆ ನೋಡಿ ನಿಂತ. "ಮಾಸ್ತರ, ಈ ಸರ್ತಿ ಕರಿ ನೀವ ಕಟ್ಟೀರೇನ್ರಿ? ಭಾಳ ಚಂದ ಆಗೇತ್ರಿ," ಎಂದ. ನಾನು ಸ್ವಾಗತ ಪದ್ಯ ಬಾಯಿಪಾಠ ಮಾಡುತ್ತಿದ್ದೆ. ಚಂದ ಅಂದದ್ದಷ್ಟೇ ಕಿವಿಗೆ ಬಿತ್ತು. "ಹೂಂನಪ್ಪಾ," ಎಂದೆ. ಅವನು ತನ್ನ ಹಗ್ಗ ಸುತ್ತಿಕೊಂಡು ಮನೆಗೆ ಹೋದ.

ಸಂಜೆ, ಮೂಡಲಗಿ ಸಂತೆಯಲ್ಲಿ ಕೊಂಡ ಉದ್ದಪ್ಪನ ಕೆಂದೆತ್ತು ಎಲ್ಲರಿಗಿಂತ ಮುಂದೆ ಬಂದು ಹಗ್ಗ ಹರಿಯಿತು. ಗಳ ಎರಡೂ ಉರುಳಿದವು. ಜನ ಕೇಕೆ ಹಾಕಿದರು. ಪ್ರಾಂತ ಸಾಹೇಬರು ಬಂದದ್ದು ಒಂದು ತಾಸು ತಡವಾಗಿ. ಎಲೆಗಳನ್ನು ದಾಟಿ ನಡೆದು, ಶಾಲೆ ತೆರೆದು, ಎರಡು ಬಾಳೆಹಣ್ಣು ತಿಂದು ಹೋದರು. ಅವರಿಗಿಲ್ಲದ ಸಿಟ್ಟು ಪೊಲೀಸ್ ಫೌಜದಾರರಿಗೆ ಬಂತು. ಸರಕಾರಿ ವಸ್ತುವಿನ ನುಕಸಾನು, ಶಾಂತತಾಭಂಗ ಎಂದು ಖಟ್ಲೆ ಹೂಡಿದರು.

ಕೋರ್ಟಿನಲ್ಲಿ ತಾವು ಕೇಳಿದಿರಿ: "ಆ ತೋರಣ ಯಾರಿಗಾಗಿ ಕಟ್ಟಿತ್ತು, ನಿನಗೆ ಗೊತ್ತಿತ್ತೋ ಇಲ್ಲವೋ?"

ಉದ್ದಪ್ಪ ಕೈಮುಗಿದ. "ಗೊತ್ತಿತ್ರಿ ಸಾಹೇಬ್ರ. ಎತ್ತಿನ ಸಲುವಾಗಿ ಕಟ್ಟಿತ್ರಿ."

ವಕೀಲರು ನಕ್ಕರು, ಬಾಗಿಲಲ್ಲಿದ್ದ ಪಟ್ಟೇವಾಲನೂ ನಕ್ಕ. ತಮ್ಮ ಮುಖ ಕೆಂಪಾಯಿತು. ಅವನು ಹೇಳಿದ್ದು ಅಕ್ಷರಶಃ ಅವನಿಗೆ ತಿಳಿದ ಸತ್ಯ. ತಮಗೆ ಅದು ಪ್ರಾಂತ ಸಾಹೇಬರನ್ನು ಎತ್ತು ಅಂದಂತೆ ಕೇಳಿಸಿತು. ಬಿಡಿಸಿ ಹೇಳೋಣವೆಂದು ನಾನು ಎದ್ದು ನಿಂತೆ. "ಮಾಸ್ತರ, ಕೂಡ್ರಿ. ಇದು ನಿಮ್ಮ ಸಾಲಿ ಅಲ್ಲ," ಎಂದಿರಿ. ಕೂತೆ. ಕೂತದ್ದಕ್ಕೆ ಈಗಲೂ ನನಗೆ ನಾಚಿಕೆಯಾಗುತ್ತದೆ.

ಅದೇ ಮುಂಜಾನೆ ತಮ್ಮೆದುರು ಒಬ್ಬ ಇನಾಮದಾರರ ಮಗನೂ ಇದ್ದ. ಕುಡಿದು ಮೋಟಾರು ಓಡಿಸಿ, ಸಂತೆಯಲ್ಲಿ ಕುಂಬಾರ ಲಗಮವ್ವನ ಗಡಿಗೆಗಳ ಮೇಲೆ ಹಾಯಿಸಿದವನು. ಅವಳ ಒಂದು ಆವಿಗೆಯ ದುಡಿಮೆ ಚೂರುಚೂರಾಯಿತು. ತಾವು "ತಾರುಣ್ಯದ ಅಚಾತುರ್ಯ" ಎಂದು ಬರೆದು, ತಾಕೀತು ಮಾಡಿ ಬಿಟ್ಟಿರಿ. ಅವನಿಗೆ ಕೂಡಲು ಕುರ್ಚಿ ಹಾಕಿಸಿದ್ದನ್ನು ನಾನು ಹೇಳಬಾರದು, ಹೇಳಿದೆ.

ಹಾಗಾದರೆ ಶಿಕ್ಷೆಯನ್ನು ನಿಶ್ಚಯಿಸುವುದು ಯಾವುದು? ಹಾಳಾದ ವಸ್ತುವೇ? ಗಡಿಗೆ ಒಡೆದರೆ ಕೂಡುವುದಿಲ್ಲ. ನನ್ನ ತೋರಣದ ಎಲೆಗಳನ್ನು ಮರುದಿನ ಆಡು ತಿಂದವು, ಗಳ ಎರಡೂ ನಮ್ಮ ಹಿತ್ತಲಲ್ಲಿ ಹೀರೆಬಳ್ಳಿಗೆ ಆಸರೆಯಾಗಿವೆ. ಉದ್ದೇಶವೇ? ಒಬ್ಬ ಕುಡಿದು ನುಗ್ಗಿದ, ಇನ್ನೊಬ್ಬ ಹಬ್ಬ ಮಾಡಿದ. ಶಾಂತತೆಯೇ? ಸಂತೆಯಲ್ಲಿ ಹೆಂಗಸರು ಜೀವ ಕೈಯಲ್ಲಿ ಹಿಡಿದು ಓಡಿದರು, ಅಗಸಿಯಲ್ಲಿ ಜನ ಕುಣಿದರು. ಕುಣಿಯುವುದು ಯಾವ ಕಾಯಿದೆಯಲ್ಲಿ ದಂಗೆಯಾಗುತ್ತದೆ? ತಮ್ಮ ತೀರ್ಪಿನ ಠರಾವನ್ನು ನಾನು ಮೂರು ಸಲ ಓದಿದ್ದೇನೆ. ಅದರಲ್ಲಿ ತೋರಣಕ್ಕೆ ಒಂದು ದಿನದ ಸಜೆಯೂ ಇಲ್ಲ. ನಲವತ್ತೈದೂ ದಿನ ಕೋರ್ಟು ನಕ್ಕದ್ದಕ್ಕೆ. ನಕ್ಕವರು ವಕೀಲರು, ಕಲ್ಲು ಒಡೆಯುವವನು ಉದ್ದಪ್ಪ.

ನಿನ್ನೆ ಅವನ ಹೆಂಡತಿ ಕೆಂಚವ್ವ ನಮ್ಮ ಕಟ್ಟೆಯ ಹತ್ತಿರ ಬಂದು ನಿಂತಳು. "ಮಾಸ್ತರ, ಹೊಲದ ಹದಾ ಆರಾಕತ್ತೈತ್ರಿ. ಮಂದಿ ತಮ್ಮ ಬಿತ್ತಿಗಿ ಮುಗಿಸಿ ಎತ್ತ ಕೊಡತೇವಂತಾರ. ಅಷ್ಟೊತ್ತಿಗೆ ನೆಲಾ ಎಲ್ಲಿ ಕಾಯತೈತ್ರಿ?" ಎಂದಳು. ಆಮೇಲೆ ಕೇಳಿದಳು: "ಅದನ್ನ ಅಲ್ಲಿ ಕಟ್ಟಿದವರು ನೀವಲ್ರಿ? ಮತ್ತ ನಿಮಗ್ಯಾಕ ಸಜಾ ಆಗಲಿಲ್ರಿ?" ಬೈಯುವ ದನಿಯಲ್ಲ. ತಿಳಿಯದೆ ಕೇಳಿದಳು. ಮಕ್ಕಳ ಎಲ್ಲ ಪ್ರಶ್ನೆಗೂ ಉತ್ತರ ಹೇಳುವ ನಾನು ಒಳಗೆ ಹೋಗಿ ಈ ಪತ್ರ ಬರೆಯಲು ಕೂತೆ.

ದಯೆ ಬೇಡುತ್ತಿಲ್ಲ, ಸಾಹೇಬರೇ. ಎತ್ತುಗಳನ್ನು ನಾಳೆಯೇ ಬಿಡಿಸಿರಿ. ಅವುಗಳ ಮೇಲೆ ಯಾವ ಆಪಾದನೆಯೂ ಇಲ್ಲ. ಉದ್ದಪ್ಪನ ಬಿಡುಗಡೆಗೆ ಮೇಲಿನ ಕೋರ್ಟಿಗೆ ತಾವೇ ಬರೆಯಿರಿ. ಅಷ್ಟು ಬರೆಯಲು ಮನಸ್ಸು ಒಪ್ಪದಿದ್ದರೆ, ಉಳಿದ ದಿನಗಳನ್ನು ನನ್ನ ಹೆಸರಿಗೆ ಹಚ್ಚಿರಿ. ನನಗೆ ಬಿತ್ತುವ ಹೊಲವಿಲ್ಲ, ಶಾಲೆಗೆ ಬದಲಿ ಮಾಸ್ತರ ಸಿಗುತ್ತಾನೆ. ಎರಡೂ ಆಗದೆಂದರೆ ಒಮ್ಮೆ ಕೆಂಚವ್ವನ ಹೊಲದ ಬದುವಿಗೆ ಬಂದು, ನನಗೆ ಯಾಕೆ ಸಜೆ ಆಗಲಿಲ್ಲವೆಂದು ಅವಳಿಗೆ ತಿಳಿಯುವ ಮಾತಿನಲ್ಲಿ ತಾವೇ ಹೇಳಿರಿ. ನೆಲ ಆರುವುದರೊಳಗೆ ಬನ್ನಿ.

ಇಂತಿ,
ತಪ್ಪು ಮಾಡಿಯೂ ಮನೆಯಲ್ಲೇ ಉಣ್ಣುತ್ತಿರುವ,
ಕೊಣ್ಣೂರ ಕಡೆಯ ಒಬ್ಬ ಕನ್ನಡ ಶಾಲೆಯ ಮಾಸ್ತರ
ಜೂನ್ ೧೯೩೬